ಕಚ್ಚುವ ನ್ಯೂಟ್ ಮತ್ತು ಪುರಟ್ಟಾಸಿಯ ಪೊರಿ

“ಅದು ತಣ್ಣನೆಯ ದೇಶದ ಪ್ರಾಣಿ, ಕೊಯಮತ್ತೂರಿನಲ್ಲಿ ಬದುಕುವುದಿಲ್ಲ. ಜೊತೆಗೆ ಇನ್ನೊಂದನ್ನು ಬಿಟ್ಟರೆ ಕಚ್ಚಿ ಕೊಲ್ಲುತ್ತದೆ. ಅದರ ಸ್ವಭಾವವೇ ಹಾಗೆ.” ಬಣ್ಣದ ಮೀನು ಮಾರುವವರು ನ್ಯೂಟ್‌ಗಳ ಬಗ್ಗೆ ಹೇಳುವ ಮಾತು ಇದು. ತುಡಿಯಲೂರಿನ ನಮ್ಮ ಬೀದಿಯೂ ಇದನ್ನೇ ಹೇಳಿತು. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ನ್ಯೂಟ್ ಕಪ್ಪೆಯ ಬಳಗಕ್ಕೆ ಸೇರಿದ, ಹಲ್ಲಿಯ ಆಕಾರದ ನೀರುಜೀವಿ. ಬೆನ್ನು ಕಪ್ಪು, ಹೊಟ್ಟೆ ಕೆಂಡದ ಬಣ್ಣ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಅಂಥ ಎರಡನ್ನು ಕೊಂಡು ತಂದಿದ್ದಳು. ದಾವಣಗೆರೆಯ ಕಡೆಯವಳು, ಪೆರಿಯನಾಯಕನಪಾಳ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಒಂದು ಬೆಳಿಗ್ಗೆ ಎರಡು ಡಬ್ಬಿ ಹಿಡಿದು ಕೆಳಗಿಳಿದಳು. ದೊಡ್ಡದು ಚಿಕ್ಕದರ ಎಡ ಮುಂಗಾಲಿನ ಪಾದವನ್ನು ಕಚ್ಚಿ ತುಂಡರಿಸಿತ್ತು. ಕಚ್ಚುವುದನ್ನು ಎಸೆದುಬಿಡಿ ಎಂದು ಅಂಗಡಿಯವನು ಹೇಳಿದ್ದನಂತೆ.

“ಇದನ್ನ ನಿಮ್ಮ ಬಾವಿಗೆ ಬಿಡ್ಲಾ ಅಂಕಲ್? ಕೊಲ್ಲೋಕೆ ಮನಸ್ಸು ಬರ್ತಿಲ್ಲ.”

“ಬಾವಿಗೆ ಬಿಟ್ರೂ ಕೊಂದಂಗೇ ಕಣಮ್ಮ. ಎರಡನ್ನೂ ಇಲ್ಲಿ ಇಟ್ಟು ಹೋಗು.”

ಕೊಯಮತ್ತೂರಿನ ಗಣಪತಿ ಬಡಾವಣೆಯ ಪಂಪು ಕಾರ್ಖಾನೆಗಳಲ್ಲಿ ಆಯುಷ್ಯ ಕಳೆದವನು ನಾನು. ಪಂಪು ನೀರೆತ್ತದಿದ್ದರೆ ಎಲ್ಲರೂ ಮೋಟಾರಿನ ಮೇಲೆ ತಪ್ಪು ಹೊರಿಸುತ್ತಾರೆ. ನಾನು ಮೊದಲು ನೀರಿನ ಕಡೆ ನೋಡುತ್ತೇನೆ. ಮಹಡಿಗೆ ಹೋಗಿ ಅವಳ ಗಾಜಿನ ತೊಟ್ಟಿಗೆ ಕೈ ಅದ್ದಿದೆ. ನೀರು ಉಗುರುಬೆಚ್ಚಗಿತ್ತು, ಹುಳಿಯ ವಾಸನೆ ಬರುತ್ತಿತ್ತು. ತಳದಲ್ಲಿ ಪೊರಿ ಕೊಳೆತು ಬೆಳ್ಳಗೆ ಹರಡಿತ್ತು.

ಅದು ಪುರಟ್ಟಾಸಿ, ತಮಿಳರು ಪೆರುಮಾಳಿಗೆ, ಅಂದರೆ ವಿಷ್ಣುವಿಗೆ, ಮೀಸಲಿಟ್ಟ ತಿಂಗಳು. ಪೆರುಮಾಳ್ ಗುಡಿಯ ಕೊಳಕ್ಕೆ ಹೋದವರು ಮೀನುಗಳಿಗೆ ಪೊರಿ, ಅಂದರೆ ಮಂಡಕ್ಕಿ, ಎರಚದೆ ಬರುವುದಿಲ್ಲ. ಹೊಸ ಪ್ರಾಣಿಯನ್ನು ನೋಡಲು ಬಂದ ನೆರೆಯವರೆಲ್ಲ ಅದೇ ಪುಣ್ಯವನ್ನು ಇಲ್ಲಿಯೂ ಕಟ್ಟಿಕೊಂಡಿದ್ದರು. ಎಲ್ಲರಿಗಿಂತ ಹೆಚ್ಚು ಕಟ್ಟಿಕೊಂಡವಳು ನನ್ನ ಹೆಂಡತಿ. ಹುಡುಗಿ ಕೆಲಸಕ್ಕೆ ಹೋದ ಮೇಲೆ ದಿನವೂ ಒಂದು ಹಿಡಿ. ನ್ಯೂಟ್‌ಗಳು ಅದರಲ್ಲಿ ಒಂದು ಕಾಳನ್ನೂ ಮುಟ್ಟಿರಲಿಲ್ಲ, ಹುಡುಗಿ ಹಾಕುತ್ತಿದ್ದ ಮೀನಿನ ಒಣ ಗುಳಿಗೆಗಳನ್ನೂ. ಅಲುಗದಿರುವುದು ಅವುಗಳ ಕಣ್ಣಿಗೆ ಆಹಾರವೇ ಅಲ್ಲ. ಆ ತೊಟ್ಟಿಯಲ್ಲಿ ಹುಳದಂತೆ ಅಲುಗುತ್ತಿದ್ದದ್ದು ಒಂದೇ: ಚಿಕ್ಕದರ ಕಾಲು. ಕಚ್ಚಿಸಿದ್ದು ಹಸಿವು, ಸ್ವಭಾವವಲ್ಲ ಎಂದು ನನಗೆ ತೋರಿತು. ತೋರಿದರೆ ಸಾಲದು, ರುಜುವಾತು ಬೇಕು.

ಹುಡುಗಿ ಬ್ರೌಸಿಂಗ್ ಸೆಂಟರಿನಲ್ಲಿ ಓದಿ ಬಂದು, ನೀರು ತಂಪಾಗಿಸುವ ಯಂತ್ರವಿಲ್ಲದೆ ಆಗದು ಎಂದಳು. ಅದನ್ನು ಬರೆದವರು ನಮ್ಮ ಮಡಕೆಯನ್ನು ಕಂಡವರಲ್ಲ. ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೆರಳಿನಲ್ಲಿ ಮರಳು ಹರಡಿ, ಅಗಲ ಬಾಯಿಯ ಎರಡು ಮಣ್ಣಿನ ಮಡಕೆಗಳನ್ನು ಕೂರಿಸಿ, ಸುತ್ತ ಗೋಣಿ ಸುತ್ತಿ ನೆನೆಸಿದೆ. ಮಡಕೆಗೊಂದರಂತೆ ನ್ಯೂಟ್‌ಗಳನ್ನು ಬಿಟ್ಟು, ಬಾಯಿಗೆ ಬಲೆ ಕಟ್ಟಿದೆ. ಬಾಳೆಯ ಬುಡದಲ್ಲಿ ಎರೆಹುಳ ಅಗೆಯುತ್ತಿದ್ದಾಗ ಹೆಂಡತಿ ಬಂದು ನಿಂತಳು. ಆ ತಿಂಗಳು ನಮ್ಮಲ್ಲಿ ಮೊಟ್ಟೆಯನ್ನೂ ಒಡೆಯುವುದಿಲ್ಲ.

“ಪುರಟ್ಟಾಸೀಲಿ ಹುಳ ಕೊಲ್ತೀರಲ್ಲ, ಪೆರುಮಾಳಿಗೆ ಯಾರು ಬದಿಲ್ ಹೇಳದು?”

“ಉತ್ತರ ನಾನು ಹೇಳ್ತೀನಿ. ನೀನು ಪೊರಿ ಹಾಕದೆ ಇರು, ಸಾಕು.”

ಅವಳು ನನ್ನೊಡನೆ ಮಾತು ಬಿಟ್ಟಳು. ಪೊರಿಯನ್ನೂ ಬಿಟ್ಟಳು.

ತೆಂಗಿನ ಕಡ್ಡಿಯ ತುದಿಗೆ ಹುಳದ ಚೂರು ಸಿಕ್ಕಿಸಿ, ಮೂಗಿನ ಮುಂದೆ ಮೆಲ್ಲಗೆ ಆಡಿಸಿದೆ. ದೊಡ್ಡದು ಮುಖ ತಿರುಗಿಸಿತು. ಮರುದಿನವೂ ಅಷ್ಟೇ. ಬೀದಿಯವರು ನಕ್ಕರು, ಮುದುಕ ಹಲ್ಲಿಗೆ ತುತ್ತು ಕೊಡುತ್ತಿದ್ದಾನೆ ಎಂದರು. ನಾನು ಗೋಣಿ ನೆನೆಸುವುದನ್ನು ನಿಲ್ಲಿಸಲಿಲ್ಲ. ನೀರು ಚೆನ್ನಾಗಿ ತಣಿದ ಮೇಲೊಂದು ಮುಂಜಾನೆ ಅದು ತಲೆಯೆತ್ತಿ, ತಡೆದು ನೋಡಿ, ಗಬಕ್ಕನೆ ಕಡ್ಡಿಯ ಸಮೇತ ಕಚ್ಚಿತು. ಚಿಕ್ಕದೂ ಅದೇ ವಾರ ತಿಂದಿತು.

ಎರಡೂ ಮೈತುಂಬಿಕೊಂಡ ಮೇಲೆ, ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೊಟ್ಟೆತುಂಬ ತಿನ್ನಿಸಿ, ಎರಡನ್ನೂ ಒಂದೇ ಮಡಕೆಗೆ ಬಿಟ್ಟೆ. ಅವಳು ಬಲೆ ಹಿಡಿದು ಸಿದ್ಧವಾಗಿದ್ದಳು. ಚಿಕ್ಕದು ದೊಡ್ಡದರ ಬಾಯಿಯ ಮುಂದೆಯೇ ಕಾಲಾಡಿಸುತ್ತ ಹಾದುಹೋಯಿತು. ದೊಡ್ಡದು ನೋಡಿತು. ಕಚ್ಚಲಿಲ್ಲ.

ಅಂದಿನಿಂದ ಅವನ್ನು ಬೇರೆ ಮಾಡಿಲ್ಲ. ಹುಡುಗಿ ಬೇರೆ ಊರಿಗೆ ಹೋಗುವಾಗ ನಮಗೇ ಬಿಟ್ಟುಹೋದಳು. ಕಡಿದ ಜಾಗದಲ್ಲಿ ಮೊದಲು ಮೊಗ್ಗಿನಂಥ ಗಂಟು ಎದ್ದಿತು, ಆಮೇಲೆ ಅದು ಪಾದವಾಯಿತು. ನನ್ನ ಮಾತನ್ನು ನಂಬಬೇಕಾಗಿಲ್ಲ. ಸಂದೇಹವಿದ್ದವರು ಹಗಲಿನಲ್ಲಿ ನಮ್ಮ ಹಿತ್ತಲಿಗೆ ಬಂದು ಬಲೆ ಸರಿಸಿ ನೋಡಲಿ. ಎರಡೂ ಒಂದೇ ಮಡಕೆಯಲ್ಲಿವೆ. ಚಿಕ್ಕದರ ಎಡ ಮುಂಗಾಲು ಉಳಿದವುಗಳಿಗಿಂತ ತುಸು ತೆಳು ಬಣ್ಣದ್ದು. ಅದರ ಬೆರಳುಗಳನ್ನು ಅವರೇ ಎಣಿಸಿಕೊಳ್ಳಲಿ.