ತವರಿಗೆ ಹೋದವಳ ಗುಳಿಗೆ

"ನಿಷ್ಕಾಳಜಿ!"

ಹೋದ ವಾರ ಸೋಲಾಪುರದ ಒಂದು ದವಾಖಾನೆಯಲ್ಲಿ ರಿಜಿಸ್ಟರ್ ತಿರುವುತ್ತಿದ್ದೆ. ಮಹಾದೇವಿ ಎಂಬ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಈ ಮರಾಠಿ ಶಬ್ದ ಕಂಡಿತು. ತನ್ನ ಜೀವದ ಮೇಲೆ ಕಾಳಜಿಯೇ ಇಲ್ಲದವಳು ಎಂದರ್ಥ. ಮಂದ್ರೂಪದ ಸೊಸೆ, ಟಿ.ಬಿ. ರೋಗಿ, ಎರಡು ತಿಂಗಳಿಂದ ಗುಳಿಗೆ ಒಯ್ದಿಲ್ಲ. ಪತ್ರ ಬರೆದರೆ ಉತ್ತರವಿಲ್ಲ. ಅಲ್ಲಿಗೆ ದವಾಖಾನೆಯ ಕೆಲಸ ಮುಗಿಯಿತು.

ನನ್ನದು ಮುಗಿಯಲಿಲ್ಲ. (ನನ್ನ ಉದ್ಯೋಗ ನಿಮಗೆ ಗೊತ್ತೇ ಇದೆ: ದವಾಖಾನೆಗೆ ಬಂದವರು ಆಮೇಲೆ ನಿಜವಾಗಿ ಗುಣವಾದರೋ ಇಲ್ಲವೋ ಎಂದು ಹುಡುಕಿ ಬರೆಯುವುದು. ನಮ್ಮ ಮನೆಯವರ ಪ್ರಕಾರ, ಬಿಸಿಲಲ್ಲಿ ಅಲೆಯುವುದು.)

ಮಂದ್ರೂಪದ ಬಸ್ ಹತ್ತಿದೆ. ಮಹಾದೇವಿಯ ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು.

"ನಿಮ್ಮ ಸೊಸಿ ಎಲ್ಲಿ ಹೋಗ್ಯಾಳ್ರಿ?"

"ಚೊಚ್ಚಲ ಹೆರಿಗಿರೀ ಅಕ್ಕಾರ. ತವರಮನಿಗೆ ಕಳಸಲಾರದ ಇರಾಕ ಆಗ್ತದೇನು? ಕರಜಗ್ಯಾಗ ಅದಾಳ."

"ದವಾಖಾನಿಯಿಂದ ಪತ್ರ ಬಂದಿತ್ತಲ್ರಿ?"

"ಬಂದೈತ್ರಿ. ಆಕಿ ಹೆಸರೀಲೆ ಬಂದೈತಿ. ಆಕಿ ಬಂದ ಮ್ಯಾಲ ಕೊಡೂಣಂತ ಇಟ್ಟೀನಿ."

ದೇವರ ಮಾಡದಲ್ಲಿ, ಕುಂಕುಮದ ಬಟ್ಟಲಿನ ಹಿಂದೆ, ಪತ್ರ ಭದ್ರವಾಗಿತ್ತು. ಯಾರನ್ನು ಬೈಯಲಿ?

ಮರುದಿನ ಕರಜಗಿಗೆ ಹೋದೆ. ಮಹಾದೇವಿಗೆ ಎಂಟು ತಿಂಗಳು ತುಂಬಿದೆ. ಕೆಮ್ಮು ಮತ್ತೆ ಶುರುವಾಗಿದೆ.

"ಇಲ್ಲೇ ಸಮೀಪದ ದವಾಖಾನಿಗೆ ಎರಡು ಸಲ ಹೋಗಿದ್ನಿರಿ," ಎಂದಳು. "ನಿನ್ನ ಕೇಸ್ ಪೇಪರ್ ಸೋಲಾಪುರದ್ದು, ಇಲ್ಲಿ ಗುಳಿಗಿ ಸಿಗಂಗಿಲ್ಲ ಅಂದ್ರು. ನನ್ನ ಕೂಸಿಗಿ ಏನೂ ಆಗಂಗಿಲ್ಲಲ್ರಿ?"

ತುಂಬಿದ ಬಸುರಿ, ಕುಲುಕಾಡುವ ಸರಕಾರಿ ಬಸ್ಸಿನಲ್ಲಿ ಎರಡು ಸಲ ಹೋಗಿ ಬರಿಗೈಲಿ ಬಂದವಳು. ಇವಳು ನಿಷ್ಕಾಳಜಿಯೇ? ಸಿಟ್ಟು ನೆತ್ತಿಗೇರಿತು.

ಸೋಲಾಪುರಕ್ಕೆ ಮರಳಿದವಳೇ ನೇರ ದೊಡ್ಡ ಡಾಕ್ಟರ ಮುಂದೆ ಕೂತೆ. ಕೂಸು ಹುಟ್ಟುವ ಮೊದಲು ಅವಳಿಗೆ ಗುಳಿಗೆ ಸಿಗಬೇಕು, ಅದೂ ಕರಜಗಿಯ ಹತ್ತಿರವೇ, ಎಂದೆ.

"ನಿಯಮದಾಗ ಬರಂಗಿಲ್ರಿ ಮೇಡಂ. ಪೇಷಂಟ್ ಬರಲಿಲ್ಲ ಅಂತ ರಿಪೋರ್ಟ್ ಬರದು ಬಿಡ್ರಿ."

"ರಿಪೋರ್ಟ್ ಬರೀತೀನ್ರಿ ಸಾಹೇಬ್ರ. ಪೇಷಂಟ್ ಬಂದಿದ್ಲು, ನಾವ ಕೊಡಲಿಲ್ಲ ಅಂತ ಬರೀತೀನಿ. ಸಹಿ ನೀವು ಮಾಡ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ನಾನು ಏಳಲಿಲ್ಲ. ಚಹಾ ಬಂತು, ಆರಿತು. ಕೊನೆಗೆ ಕರಜಗಿ ಹತ್ತಿರದ ಆ ದವಾಖಾನೆಯಲ್ಲೇ ಗುಳಿಗೆ ಕೊಡುವಂತೆ ಚೀಟಿ ಬರೆದುಕೊಟ್ಟರು. ಮೊನ್ನೆಯಿಂದ ಮಹಾದೇವಿ ಗುಳಿಗೆ ನುಂಗುತ್ತಿದ್ದಾಳೆ.

ಗೆದ್ದೆ ಎಂದು ಬೀಗಲೇ? ಆ ರಿಜಿಸ್ಟರಿನಲ್ಲಿ ಕೆಂಪು ಶಾಯಿ ಬಿದ್ದ ಹೆಸರುಗಳು ಇನ್ನೂ ಬಹಳ ಇವೆ. ಅವರಲ್ಲಿ ಚೊಚ್ಚಲ ಬಸುರಿಯರು ಎಷ್ಟೋ, ದೇವರೇ ಬಲ್ಲ. ಒಬ್ಬೊಬ್ಬರ ತವರೂರಿಗೂ ಹೋಗಿಯೇ ತೀರುತ್ತೇನೆ, ಮನೆಯವರು ಏನಾದರೂ ಅನ್ನಲಿ.

ಅಲ್ಲಿಯವರೆಗೆ ಒಂದು ಪ್ರಶ್ನೆ. ಗಂಡನ ಹೆಸರು, ಗಂಡನ ಊರು, ಗಂಡನ ಉದ್ಯೋಗ ಎಲ್ಲ ಕೇಳುವ ಕೇಸ್ ಪೇಪರಿನಲ್ಲಿ "ನಿನ್ನ ತವರು ಯಾವುದವ್ವಾ?" ಎಂದು ಕೇಳಲು ಒಂದು ಸಾಲಿನ ಜಾಗವೂ ಇಲ್ಲವೇ?