ಲಟ್ಟಣಿಗೆಗೆ ಕಟ್ಟಿದ ಕೀಲಿಕೈ

ಇವತ್ತು ಬೆಳಿಗ್ಗೆ ಚಪಾತಿ ಲಟ್ಟಿಸುವಾಗ ಲಟ್ಟಣಿಗೆಯ ಹಿಡಿಯಲ್ಲಿದ್ದ ತೂತು ಬೆರಳಿಗೆ ತಾಗಿತು. ನಿಮ್ಮ ಮನೆಯ ಲಟ್ಟಣಿಗೆಗೆ ತೂತು ಇರಲಿಕ್ಕಿಲ್ಲ. ನಮ್ಮದಕ್ಕೆ ಇದೆ, ಮೊಳೆ ಕಾಯಿಸಿ ಚುಚ್ಚಿದ್ದು, ಸುತ್ತ ಇನ್ನೂ ಕಪ್ಪಗಿದೆ. ಇದು ಅಡುಗೆಮನೆಗೆ ಬರುವ ಮೊದಲು ಬೇರೆ ಕಡೆ ನೌಕರಿಯಲ್ಲಿತ್ತು. ಎಲ್ಲಿ ಎಂದು ಹೇಳಿದರೆ ನೀವು ನಮ್ಮಲ್ಲಿಗೆ ಊಟಕ್ಕೆ ಬರುವುದಿಲ್ಲ. ಆದರೂ ಹೇಳುತ್ತೇನೆ.

ನನ್ನ ಮೊದಲ ನೌಕರಿ ಮುಂಡರಗಿಯಲ್ಲಿ. ಯಾವ ಕಚೇರಿ ಎಂದು ಕೇಳಬೇಡಿ, ಅವರಿಗೂ ಮಾನ ಮರ್ಯಾದೆ ಇದೆ. ಬೆಟಗೇರಿಯಿಂದ ದಿನಾ ಬಸ್ಸು. ಏಳು ಗಂಡಸರು, ನಾನೊಬ್ಬಳು. ಅವರೇನೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳದ ನೆವದಲ್ಲಾದರೂ ನಾಲ್ಕು ಮಾತು ಆಗುತ್ತಿದ್ದವು. ಹನ್ನೊಂದಕ್ಕೆ ಏಳೂ ಮಂದಿ ಎದ್ದು ಚಹಾಕ್ಕೆ ಹೋಗುವರು, ಮಿರ್ಚಿ ಭಜಿ ತಿಂದು ನಗುತ್ತ ಬರುವರು, ಬಂದವರು ನನ್ನ ಟೇಬಲ್ಲಿನ ಮೇಲೆ ಒಂದು ಕಪ್ ಚಹಾ ಇಟ್ಟು, ದೇವರಿಗೆ ನೈವೇದ್ಯ ಇಟ್ಟ ಹಾಗೆ, ಸದ್ದಿಲ್ಲದೆ ಹಿಂದೆ ಸರಿಯುವರು. ಇಡೀ ದಿನದಲ್ಲಿ ನನ್ನ ಪಾಲಿನ ಮಾತು ಒಂದೇ: "ಮೇಡಂ, ಸ್ಟೇಪ್ಲರ್ ಐತೇನ್ರಿ?" ಇರುತ್ತಿತ್ತು, ಕೊಡುತ್ತಿದ್ದೆ. ಕೆಲವು ದಿನ ಬೇಕೆಂದೇ ಅದನ್ನು ಡ್ರಾವರಿನಲ್ಲಿ ಅಡಗಿಸಿಡುತ್ತಿದ್ದೆ, ಎರಡು ಸಲ ಕೇಳಲಿ ಎಂದು.

ಇನ್ನೊಂದು ತೊಂದರೆ ಇತ್ತು. ಅಲ್ಲಿ ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಬೇರೆ ಎಲ್ಲಾದರೂ ಇದೆಯೇ ಎಂದು ಆ ಮರ್ಯಾದಸ್ಥರನ್ನು ಕೇಳುವುದು ಹೇಗೆ? ನಾನು ಎಂ.ಕಾಂ. ಮಾಡಿದವಳು, ತಲೆ ಓಡಿಸಿದೆ. ನೀರು ಕುಡಿಯುವುದನ್ನೇ ಬಿಟ್ಟೆ. ಬಾಟಲಿ ಮಾತ್ರ ದಿನಾ ತುಂಬಿಸಿಕೊಂಡು ಹೋಗುತ್ತಿದ್ದೆ. ಅದು ಮುಂಡರಗಿ ನೋಡಿಕೊಂಡು ಹಾಗೇ ವಾಪಸು ಬರುತ್ತಿತ್ತು.

ಇದನ್ನು ಕಂಡುಹಿಡಿದವಳು ಪಕ್ಕದ ಕಚೇರಿಯಿಂದ ಟಪಾಲು ತರುತ್ತಿದ್ದ ರಜಿಯಾಬಾನು.

"ಏನವಾ ತಂಗಿ, ಮುಂಜಾನಿ ತುಂಬಿದ ನೀರು ನಾಕು ಬಡದ್ರೂ ಹಂಗ ಐತಿ. ಮಂದಿಗೆ ತೋರಸಾಕ ಇಟ್ಟಿಯೇನು?"

ಮರುದಿನ ಆಕೆ ತನ್ನ ಕಚೇರಿಯ ಹಿರಿಯ ಗುಮಾಸ್ತೆ ನೀಲಕ್ಕನನ್ನು ಜೊತೆಗೆ ಕರೆದುಕೊಂಡು ಬಂದಳು. ಬಂದವಳೇ ನನ್ನ ಟೇಬಲ್ಲಿನ ಮೇಲೆ ಒಂದು ಲಟ್ಟಣಿಗೆ ಇಟ್ಟಳು. ಅದಕ್ಕೊಂದು ಕೀಲಿಕೈ ಕಟ್ಟಿತ್ತು. ಏಳು ಪೆನ್ನುಗಳು ನಿಂತವು.

"ಏಳವಾ, ನಾವೂ ಹೊಂಟೀವಿ," ಎಂದರು ನೀಲಕ್ಕ.

ಆವರಣದ ಹಿಂದೆ, ಬೇವಿನ ಮರದ ಆಚೆ, ಒಂದು ಪುಟ್ಟ ಕೋಣೆ. ಅದರ ಕೀಲಿಕೈ ರಜಿಯಾಳ ಸುಪರ್ದಿಯಲ್ಲಿ. ಹಿಂದೆ ಅದು ಯಾರದೋ ವ್ಯಾನಿಟಿ ಬ್ಯಾಗಿನಲ್ಲಿ ಮನೆಗೆ ಹೋಗಿಬಿಡುತ್ತಿತ್ತಂತೆ. ಲಟ್ಟಣಿಗೆಯನ್ನು ಯಾವ ಹೆಂಗಸೂ ಮರೆತು ಮನೆಗೆ ಒಯ್ಯಲಾರಳು ಎಂಬುದು ಆಕೆಯ ತರ್ಕ. ನನ್ನನ್ನು ನೋಡುವ ತನಕ ಆ ತರ್ಕ ಸರಿಯಾಗಿಯೇ ಇತ್ತು. ಅಲ್ಲಿ ಇನ್ನೊಂದು ಕಾಯ್ದೆಯೂ ಇತ್ತು: ಒಬ್ಬಾಕಿನ ಹೋಗೂದಲ್ಲ. ಯಾರು ಎದ್ದರೂ ಉಳಿದವರನ್ನು ಕೂಗಬೇಕು.

ಕಾಯ್ದೆ ಹೊಸದೇನಲ್ಲ. ಕಣಗಿನಹಾಳದ ನನ್ನ ಅಜ್ಜಿಯ ಕಾಲದಲ್ಲಿ ಹೆಂಗಸರು ಮುಸ್ಸಂಜೆಗೆ ತಂಬಿಗೆ ಹಿಡಿದು ಗುಂಪುಗುಂಪಾಗಿ ಬಯಲಿಗೆ ಹೋಗುತ್ತಿದ್ದರು. ಯಾರ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡಳು, ಎಲ್ಲ ಖಬರೂ ಅಲ್ಲೇ. ಮುಂದೆ ಮನೆಯಲ್ಲೇ ಪಾಯಖಾನೆ ಕಟ್ಟಿಸಿಕೊಟ್ಟಾಗ ಎಲ್ಲರೂ ಖುಷಿಪಟ್ಟರು, ಅಜ್ಜಿಯೊಬ್ಬಳೇ, "ಛಲೋ ಆತು ಖರೆ, ಮಾತಾಡಾಕ ಯಾರೂ ಸಿಗವಲ್ರು," ಎಂದು ಗೊಣಗುತ್ತಿದ್ದಳು. ನಾವು ನಕ್ಕಿದ್ದೆವು. ನಗಬಾರದಿತ್ತು.

ಅಂತೂ ದಿನಕ್ಕೆರಡು ಸಲ ನಮ್ಮ ಮೆರವಣಿಗೆ. ಮುಂದೆ ಲಟ್ಟಣಿಗೆ ಹಿಡಿದ ರಜಿಯಾ, ನಡುವೆ ಮೊಣಕಾಲು ಹಿಡಿದ ನೀಲಕ್ಕ, ಹಿಂದೆ ಮುಖ ಮುಚ್ಚಿಕೊಳ್ಳುವುದೊಂದು ಬಾಕಿ ಇದ್ದ ನಾನು. ಬೇವಿನ ನೆರಳಲ್ಲಿ ಸರದಿ ಕಾಯುವಾಗ ಅವರು ಮೊಣಕಾಲಿನ ಎಣ್ಣೆ, ರಜಿಯಾಳ ಮಗಳ ಪರೀಕ್ಷೆ ಎಂದೆಲ್ಲ ಮಾತಾಡುವರು. ನಾನು "ಹೂಂ" ಎನ್ನುತ್ತಿದ್ದೆ. ಗೆಳತಿ ಎಂದರೆ ನನ್ನ ವಯಸ್ಸಿನವಳು, ನನ್ನಷ್ಟು ಓದಿದವಳು, ನನ್ನದೇ ಕಚೇರಿಯವಳು ಇರಬೇಕೆಂದು ನನ್ನ ನಂಬಿಕೆ. ಅಂಥವಳು ಬರುವ ತನಕ ನಾನು ಒಬ್ಬಂಟಿ ಎಂದೇ ತಿಳಿದಿದ್ದೆ. ಸೊಕ್ಕು, ಮತ್ತೇನಲ್ಲ.

ಹೀಗಿರುವಾಗ ನಮ್ಮ ಸಾಹೇಬರಿಗೆ ವರ್ಗವಾಯಿತು. ಹಾರ, ಶಾಲು, ಕೊನೆಗೆ ಗ್ರೂಪ್ ಫೋಟೊ. ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಒಬ್ಬರು ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟರು.

"ಮೇಡಂ, ನೀವು ತೆಗೀರಿ. ನಿಮ್ಮ ಕೈ ನಡಗಂಗಿಲ್ಲ."

ಸಾಹೇಬರು ಆಚೀಚೆ ನೋಡಿ, "ಎಲ್ಲಾರೂ ಬಂದ್ರಲ್ಲ?" ಎಂದರು.

"ಎಲ್ಲಾರೂ ಬಂದೀವಿ ಸರ್."

ಮೂರು ಫೋಟೊ ತೆಗೆದೆ. ಮೂರೂ ಚೆನ್ನಾಗಿ ಬಂದವು. ಮೊಬೈಲು ವಾಪಸು ಕೊಟ್ಟೆ. ಪಕ್ಕದ ಕಚೇರಿಗೆ ಹೋದರೆ ರಜಿಯಾ ಕುರ್ಚಿಯಲ್ಲಿರಲಿಲ್ಲ. ಲಟ್ಟಣಿಗೆ ತೆಗೆದುಕೊಂಡು ಮೊದಲ ಸಲ ಒಬ್ಬಳೇ ಹೋದೆ, ಚಿಲಕ ಹಾಕಿಕೊಂಡು ಮನಸೋ ಇಚ್ಛೆ ಅತ್ತೆ, ಹಾಗೇ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಮನೆಗೆ ಬಂದು ವೈಯಕ್ತಿಕ ಕಾರಣಗಳಿಂದ ಎಂದು ರಾಜೀನಾಮೆ ಬರೆದೆ. ಫೋನು ಬಂದ್ ಮಾಡಿ ಮಲಗಿದೆ. ನನಗೆ ಜ್ವರ ಎಂದು ಅವ್ವನಿಗೆ ಹೇಳಿದೆ.

ಮೂರನೆಯ ದಿನ ಅವ್ವ ಬಿಸಿ ಚಪಾತಿ ಹಾಕುತ್ತಿದ್ದಳು. ಎರಡು ತಿಂದಿದ್ದೆ. ಮೂರನೆಯದಕ್ಕೆ ತಲೆ ಎತ್ತಿ ನೋಡಿದರೆ ಅವ್ವನ ಕೈಯಲ್ಲಿ ಅದೇ ಲಟ್ಟಣಿಗೆ. ಕೀಲಿಕೈ ಕ್ಯಾಲೆಂಡರಿನ ಮೊಳೆಗೆ ತೂಗುತ್ತಿತ್ತು.

"ನಿನ್ನ ಚೀಲದಾಗ ಇತ್ತು. ಹಗೂರ ಐತಿ, ಎಷ್ಟ್ ಛಂದ ಲಟ್ಟಸ್ತೈತಿ!"

"ತೊಳದೀಯೇನಬೇ?"

"ತೊಳದೀನಿ ಬಿಡವಾ. ಯಾಕ?"

ನಾನು ಯಾಕೆ ಎಂದು ಹೇಳುವಷ್ಟರಲ್ಲಿ ಬಾಗಿಲಲ್ಲಿ ನೀಲಕ್ಕ, ಅವರ ಹಿಂದೆ ರಜಿಯಾ. ಓಣಿ ಓಣಿ ಕೇಳಿಕೊಂಡು ಬಂದಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲವಂತೆ, ನೀಲಕ್ಕ ಆ ಮೊಣಕಾಲಿನಲ್ಲೇ ಗದಗಿನ ತನಕ ನಿಂತು ಬಂದಿದ್ದರು. ಅವ್ವ "ಬರ್ರಿ, ಕುಂಡ್ರಿ, ಬಿಸೇವು ತಿನ್ರಿ," ಎಂದು ತಾಟು ಹಾಕಿಯೇಬಿಟ್ಟಳು. ರಜಿಯಾ ಲಟ್ಟಣಿಗೆಯನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಛಾವಣಿ ನೋಡಿದೆ. ಆಕೆ ಬಿಸ್ಮಿಲ್ಲಾ ಎಂದು ಎರಡು ಚಪಾತಿ ತಿಂದಳು.

"ತಪ್ಪಾತ್ರಿ ಅಕ್ಕಾರ," ಎಂದೆ ನಾನು. "ಕೀಲಿಕೈ ನನ್ನ ಕಡೆನ ಉಳೀತು. ಅದಕ್ಕಂತ ಇಷ್ಟು ದೂರ ಬರಬೇಕಾತು ನಿಮಗ."

"ಆ ಕೀಲಿ ಅವತ್ತ ಒಡದೀವಿ," ಎಂದರು ನೀಲಕ್ಕ. "ಹೊಸಾದು ಹಾಕೇವಿ."

"ಮತ್ತ ಯಾಕ ಬಂದ್ರಿ?"

ಉತ್ತರ ಹೇಳಿದವಳು ರಜಿಯಾ. "ನೀ ಒಬ್ಬಾಕಿನ ಹೋಗಿದ್ದೆಲ್ಲವಾ, ಅದಕ್ಕ."

ನನಗೆ ದುಃಖ ಉಕ್ಕಿ ಬಂತು. ಮೂಗು ಬಾಯಿ ಎಲ್ಲ ಒಂದಾಗುವಂತೆ ಅತ್ತೆ. ಏನೂ ತಿಳಿಯದ ಅವ್ವ ನನ್ನ ಚಪಾತಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ನೀಲಕ್ಕ ಚಾಳೀಸು ಏರಿಸಿ, ಇನ್ನೂ ಕಳಿಸದೆ ಅಲ್ಲೇ ಇಟ್ಟಿದ್ದ ನನ್ನ ರಾಜೀನಾಮೆ ಓದಿದರು, ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಅಕ್ಷರ ಛಂದ ಅದಾವ. ನಾಳೆ ಮುಂಜಾನಿ ಜಲ್ದಿ ಬಾ," ಎಂದರು. ಹೋದೆ.

ಲಟ್ಟಣಿಗೆಯನ್ನು ಮಾತ್ರ ರಜಿಯಾ ವಾಪಸು ಒಯ್ಯಲಿಲ್ಲ. "ಅದು ಈಗ ಅನ್ನದ ಕೆಲಸಕ್ಕ ಹತ್ತೇತಿ, ಮತ್ತ ಅಲ್ಲಿಗೆ ಒಯ್ಯಬಾರದು," ಎಂದಳು.

ಇವೆಲ್ಲ ಹಳೆಯ ಮಾತು. ನೀಲಕ್ಕ ನಿವೃತ್ತರಾದರು. ರಜಿಯಾ ಭಾನುವಾರ ಫೋನು ಮಾಡಿ ಮೊದಲು "ನೀರು ಕುಡದಿ?" ಎಂದು ಕೇಳುತ್ತಾಳೆ. ನಾನೀಗ ಶಿರಹಟ್ಟಿಯಲ್ಲಿದ್ದೇನೆ. ಇಲ್ಲಿಯ ಕೀಲಿಕೈ ಸಾಹೇಬರ ತಲೆಯ ಮೇಲಿನ ಮೊಳೆಗೆ ತೂಗುತ್ತದೆ, ಅವರ ಕುರ್ಚಿಯ ಹಿಂದೆ ಹೋಗಿ ಕೈ ಚಾಚಬೇಕು. ನನಗೆ ರೂಢಿಯಾಗಿದೆ. ಹೋದ ತಿಂಗಳು ಲಕ್ಷ್ಮೇಶ್ವರದಿಂದ ಒಬ್ಬ ಹೊಸ ಹುಡುಗಿ ಬಂದಿದ್ದಾಳೆ. ನಿನ್ನೆ ನಾಲ್ಕು ಗಂಟೆಗೆ ಅವಳ ಟೇಬಲ್ಲಿನ ಪಕ್ಕ ಹಾದುಹೋಗುವಾಗ ಬಾಟಲಿ ನೋಡಿದೆ. ತುಂಬಿತ್ತು. ನೋಡಿಯೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಸುಮ್ಮನೆ ಮನೆಗೆ ಬಂದೆ.

ಅದಕ್ಕೇ ಬೆಳಿಗ್ಗೆ ಬೆರಳಿಗೆ ತೂತು ತಾಗಿದ ಕೂಡಲೇ ಲಟ್ಟಣಿಗೆ ತೊಳೆದು ಚೀಲಕ್ಕೆ ಹಾಕಿಕೊಂಡೆ. ಅನ್ನದ ಕೆಲಸ ಅದು ಸಾಕಷ್ಟು ಮಾಡಿದೆ. ಮನೆಯವರು ಇವತ್ತು ಅನ್ನ ಸಾರು ಉಂಡರು. ಕಚೇರಿಯಲ್ಲಿ ಮೊಳೆಯಿಂದ ಕೀಲಿಕೈ ತೆಗೆದು, ಹಳೆಯ ತೂತಿಗೇ ದಾರ ಪೋಣಿಸಿ ಕಟ್ಟಿ, ಅವಳ ಟೇಬಲ್ಲಿನ ಮೇಲೆ ಇಟ್ಟೆ. ಪೆನ್ನುಗಳು ನಿಂತವು.

ಹುಡುಗಿ ಕೆಂಪಾದಳು. "ಇಲ್ರಿ ಮೇಡಂ, ನನಗ ಬ್ಯಾಡ್ರಿ."

"ನನಗ ಬೇಕಾಗೇತಿ ತಂಗಿ. ಒಬ್ಬಾಕಿನ ಹೋಗಂಗಿಲ್ಲ ನಾ."

ಅವಳು ನನ್ನನ್ನು ನೋಡಿದಳು, ಲಟ್ಟಣಿಗೆಯನ್ನು ನೋಡಿದಳು. ಆಮೇಲೆ ಬಾಟಲಿ ಎತ್ತಿ, ನಿಂತಲ್ಲೇ ಗಟಗಟ ಅರ್ಧ ಕುಡಿದಳು.