ಅಣ್ಣನ ಆಟೊಗೆ ಮೋಟಾರು ಕೂಡಿಸಿದ್ದು

ಬನಹಟ್ಟಿಯಲ್ಲಿ ನನ್ನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೆ ನಾನು ಸುತ್ತಿದ ಮೋಟಾರು ಸುಟ್ಟು ಮರಳಿ ಬಂದದ್ದು ಕಡಿಮೆ.

ಅಣ್ಣ ಮೊದಲು ನೇಕಾರ. ಆಮೇಲೆ ಮಗ್ಗ ಬಿಟ್ಟು ಸಾಮಾನು ಹೊರುವ ಆಟೊ ಹಿಡಿದ. ಹಾಸಿನ ನೂಲು ಸುತ್ತಿದ ಬೀಮುಗಳನ್ನು, ಅಂದರೆ ಆಳುದ್ದದ ಭಾರವಾದ ಉರುಳೆಗಳನ್ನು, ಮಗ್ಗದ ಮನೆಗಳಿಗೆ ಮುಟ್ಟಿಸುವುದು ಅವನ ಕೆಲಸ. ಒಂದು ದಿನ ಬೀಮು ಜಾರಿ ಅವನ ಎಡ ಭುಜದ ಮೇಲೆ ಬಿತ್ತು. ಎಲುಬು ಕೂಡಿತು, ಬಲ ಬರಲಿಲ್ಲ. ಹ್ಯಾಂಡಲ್ ಹಿಡಿಯಬಲ್ಲ, ಗೇರು ಹಾಕಬಲ್ಲ. ಆದರೆ ಆ ಆಟೊ ಚಾಲೂ ಆಗಬೇಕಾದರೆ ಎಡಕ್ಕೆ ಬಗ್ಗಿ ಹಿಡಿಕೆಯನ್ನು ಒಮ್ಮೆಲೇ ಮೇಲಕ್ಕೆ ಜಗ್ಗಬೇಕು. ಅದೊಂದು ಆಗುತ್ತಿರಲಿಲ್ಲ. ಜಗ್ಗಿಕೊಡಿ ಎಂದು ಮಂದಿಯನ್ನು ಕೇಳುವ ಮನುಷ್ಯನಲ್ಲ ಅವನು. ಗಾಡಿ ಮನೆ ಮುಂದೆ ನಿಂತಿತು. ಅವನು ಕಟ್ಟೆಯ ಮೇಲೆ ಕೂತ.

ಅಮಾವಾಸ್ಯೆಗೆ ಮಗ್ಗಗಳಿಗೆ ಸೂಟಿ, ಅಂದು ನನಗೂ ಕೆಲಸ ಕಡಿಮೆ. ಎಷ್ಟೋ ಅಮಾವಾಸ್ಯೆ ಆ ಗಾಡಿಯ ಕೆಳಗೆ ಮಲಗಿಯೇ ಕಳೆದೆ. ಮಿರಜದ ಗುಜರಿಯಿಂದ ಬ್ಯಾಟರಿಯ ಮೇಲೆ ಓಡುವ ಮೋಟಾರು ತಂದೆ. ಲಾರಿಯ ಹಳೇ ಬ್ಯಾಟರಿಗಳನ್ನು ಸೀಟಿನ ಹಿಂದೆ ಕೂಡಿಸಿದೆ. ಮೋಟಾರಿನ ಬಲ ಗಾಲಿಗೆ ಮುಟ್ಟಿಸಲು ಕರೆಂಟಿನ ಮಗ್ಗ ತಿರುಗಿಸುವ ಬೆಲ್ಟಿನ ಪಟ್ಟಿಯನ್ನೇ ಹಾಕಿದೆ. ಮಗ್ಗದಲ್ಲಿದ್ದಂತೆಯೇ ಎರಡು ಪುಲ್ಲಿ: ಒಂದು ಎಳೆಯುವುದು, ಇನ್ನೊಂದು ಸುಮ್ಮನೆ ತಿರುಗುವುದು. ಗುಂಡಿ ಒತ್ತಿದರೆ ಗಾಡಿ ಕರೆಂಟಿನ ಮೇಲೆ ಹೊರಡುತ್ತದೆ, ಓಣಿಯಲ್ಲೆಲ್ಲ ಹಾಗೇ ಓಡುತ್ತದೆ. ದೊಡ್ಡ ರಸ್ತೆಯಲ್ಲಿ ಗೇರು ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ತಾನೇ ಏಳುತ್ತದೆ. ಆಗ ಕಾಲ ಬಳಿಯ ಸನ್ನೆ ಒತ್ತಿ ಪಟ್ಟಿಯನ್ನು ಖಾಲಿ ಪುಲ್ಲಿಗೆ ಸರಿಸಿ ಪೆಟ್ರೋಲಿನ ಮೇಲೆ ಹೋಗಬೇಕು.

ಮೊದಲ ದಿನ ಓಣಿಯ ಮಂದಿಯೆಲ್ಲ ನೆರೆದಿತ್ತು. ಎದುರು ಮನೆಯ ನೇಕಾರ, "ಇದು ಓಡತೈತೋ, ಸೀರಿ ನೇಯತೈತೋ?" ಅಂದ.

"ಮೊದಲ ನಿನ್ನ ಮಗ್ಗ ಓಡಸಲೇ, ಆಮ್ಯಾಲ ನನ್ನ ಗಾಡಿ ನೋಡವಂತಿ" ಎಂದು ಅಣ್ಣ ಗುಂಡಿ ಒತ್ತಿದ. ಗಾಡಿ ಸಪ್ಪಳಿಲ್ಲದೆ ಹೋಯಿತು.

ಬೇಸಿಗೆಯವರೆಗೆ ನಡೆಯಿತು. ಒಂದು ಮುಂಜಾನೆ ಬೀಮು ಹೇರಿಕೊಂಡು ಜಮಖಂಡಿಗೆ ಹೊರಟಿದ್ದ, ನಾನೂ ಜೊತೆಗಿದ್ದೆ. ಊರ ಹೊರಗೆ ಎಂಜಿನ್ ಎದ್ದಿತು. ಪಟ್ಟಿಯನ್ನು ಸರಿಸಲು ನೋಡಿದ, ಬರಲಿಲ್ಲ. ಮತ್ತೆ ಸನ್ನೆ ಒತ್ತಿದ. ಅಷ್ಟರಲ್ಲಿ ಮೋಟಾರಿನ ತಂತಿಗೆ ಬಳಿದ ವಾರ್ನಿಶ್ ಸುಟ್ಟ ವಾಸನೆ ಬಂತು. ದಿನಾ ಅದೇ ವಾಸನೆಯಲ್ಲಿ ಬದುಕುವವನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಎಂಜಿನ್ನು ಮೋಟಾರನ್ನು ಅದರ ಅಳತೆ ಮೀರಿ ತಿರುಗಿಸಿಬಿಟ್ಟಿತ್ತು.

ಇಳಿದು ನೋಡಿದರೆ ಪಟ್ಟಿಯ ತುಂಬ ರಾಳ. ಓಡುವ ಕಾವಿಗೆ ಕರಗಿ ಪುಲ್ಲಿಗೆ ಅಂಟಿಕೊಂಡಿತ್ತು.

"ಭಾರಕ್ಕ ಪಟ್ಟಿ ಜಾರಾಕತ್ತಿತ್ತು," ಅಂದ ಅಣ್ಣ. "ಮಗ್ಗಕ್ಕ ಹಚ್ಚತಿದ್ವೆಲ್ಲಾ, ಹಂಗ ಹಚ್ಚಿದೆ. ಹಚ್ಚಬಾರದಿತ್ತೇನು?"

ಜಾರಿದರೆ ರಾಳ ಹಚ್ಚು ಎನ್ನುವುದನ್ನು ಇಬ್ಬರೂ ಅಪ್ಪನ ಹತ್ತಿರವೇ ಕಲಿತಿದ್ದೆವು. ಮೋಟಾರನ್ನು ಮತ್ತೆ ಸುತ್ತಿಕೊಡುತ್ತೇನೆ ಅಂದೆ.

"ಸಾಕ ಮಾಡೋ ತಮ್ಮಾ. ನನ್ನ ಭುಜದ ಸಲುವಾಗಿ ನಿನ್ನ ಬೆನ್ನ ಮುರೀತು."

ಖರೆ ಹೇಳಬೇಕೆಂದರೆ, ಆ ಮಾತು ಕೇಳಿ ನನಗೆ ಹಗುರವೆನಿಸಿತು. ಹಠ ಮಾಡುವ ಶಕ್ತಿ ಉಳಿದಿರಲಿಲ್ಲ. ಪಟ್ಟಿಯನ್ನು ಕೊಯ್ದು ತೆಗೆದು, ಹಿಡಿಕೆ ಜಗ್ಗಿ ಎಂಜಿನ್ ಎಬ್ಬಿಸಿಕೊಟ್ಟೆ.

ಮರುದಿನದಿಂದ ಅಂಗಡಿ ತೆಗೆಯುವ ಮೊದಲು ಅಣ್ಣನ ಮನೆಗೆ ಹೋಗಿ ಗಾಡಿ ಎಬ್ಬಿಸುವುದು ನನ್ನ ಪಾಲಿಗೆ ಬಂತು. ಕೇಳಲು ಅವನು ಬರಲಿಲ್ಲ, ನಾನೇ ಹೋಗುತ್ತಿದ್ದೆ. ಆರಿಸಿದರೆ ಮತ್ತೆ ಜಗ್ಗಲು ಯಾರನ್ನಾದರೂ ಕೇಳಬೇಕಲ್ಲ, ಒಮ್ಮೆ ಎದ್ದ ಎಂಜಿನ್ನನ್ನು ಸಂಜೆಯವರೆಗೂ ಅವನು ಆರಿಸುತ್ತಿರಲಿಲ್ಲ. ಬೀಮು ಇಳಿಸುವಾಗ, ಚಹಾ ಕುಡಿಯುವಾಗ, ಮಧ್ಯಾಹ್ನ ಮನೆಯಲ್ಲಿ ರೊಟ್ಟಿ ತಿನ್ನುವಾಗಲೂ ಗಾಡಿ ಬಾಗಿಲ ಮುಂದೆ ಗುರುಗುಟ್ಟುತ್ತ ಹೊಗೆ ಬಿಡುತ್ತಿತ್ತು. ಅತ್ತಿಗೆ ಕೆಮ್ಮುತ್ತ ಕಿಟಕಿ ಮುಚ್ಚುತ್ತಿದ್ದಳು. ಆರಿಸೆಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.